ಓಹಾಯೋದಲ್ಲಿ ಕಾಲು ತೊಳೆದದ್ದು

ಗಟ್ಟಿ ರಟ್ಟಿನ ಇಂಗ್ಲಿಷ್ ಪುಸ್ತಕಗಳಿಗೆ ಹೊಳೆಯುವ ಕಾಗದದ ಒಂದು ಹೊದಿಕೆ ಇರುತ್ತದೆ. ಅದು ಹಿಂಬದಿಯಲ್ಲಿ ಒಳಕ್ಕೆ ಮಡಚಿಕೊಳ್ಳುವ ಜಾಗದಲ್ಲಿ ಲೇಖಕರ ಅಂಚೆಚೀಟಿಯಷ್ಟು ಫೋಟೋ, ಅದರ ಕೆಳಗೆ ಅವರ ಬದುಕಿನ ನಾಲ್ಕೈದು ಸಾಲು. ಹೆಚ್ಚಿನ ಓದುಗರು ಆ ಮಡಿಕೆಯನ್ನು ಓದು ಎಲ್ಲಿಗೆ ನಿಂತಿತೆಂಬ ಗುರುತಿಗೆ ಬಳಸುತ್ತಾರೆ. ನಾನು ಮಾತ್ರ ಪುಸ್ತಕಕ್ಕೆ ಮೊದಲು ಅದನ್ನೇ ಓದುವವನು. ಇದು ರಸಿಕತೆಯಲ್ಲ, ಹೊಟ್ಟೆಪಾಡಿನ ಅಭ್ಯಾಸ. ನನ್ನ ಕಚೇರಿಗೆ ಬರುವ ಪ್ರತಿ ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲೊಂದು ಚೌಕವಿರುತ್ತದೆ. ಇದು ಯಾರು ಬರೆದದ್ದು, ಯಾರು ನೋಡಿದ್ದು, ಎಷ್ಟನೆಯ ಪರಿಷ್ಕರಣ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಅದನ್ನು ನೋಡದೆ ನಕ್ಷೆ ನೋಡುವವನು ನಮ್ಮಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಅಮೆರಿಕದಲ್ಲಿ ಒಬ್ಬ ಸಣ್ಣಕತೆಗಾರ್ತಿ ಇದ್ದಾರೆ. ಇಂದು ಆ ದೇಶದ ಒಳ್ಳೆಯ ಕತೆಗಾರರನ್ನು ಬೆರಳು ಮಡಚಿ ಎಣಿಸುವವರು ಎರಡನೆಯ ಬೆರಳಿಗೋ ಮೂರನೆಯದಕ್ಕೋ ಅವರ ಹೆಸರಿಗೆ ಬರಲೇಬೇಕು. ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಯಾಕೆಂಬುದು ಮುಂದೆ ತಿಳಿಯುತ್ತದೆ. ತಿಳಿದ ಮೇಲೆ ನೀವೂ ಹೇಳದಿದ್ದದ್ದೇ ಒಳ್ಳೆಯದಾಯಿತು ಎನ್ನುತ್ತೀರಿ. ಅವರು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದದ್ದು ನಾಲ್ಕೇ ಸಂಕಲನ. ನಾಲ್ಕೂ ನನ್ನ ಬಳಿ ಇವೆ, ನಾಲ್ಕರ ಹೊದಿಕೆಯೂ ಹರಿಯದೆ ಉಳಿದಿದೆ. ಮೊದಲ ಪುಸ್ತಕದ ಮಡಿಕೆಯಲ್ಲಿ ಒಂಬತ್ತು ಸಾಲು: ಆಕೆ ಶಾಲೆಯ ಬಸ್ಸು ಓಡಿಸಿದ್ದಾರೆ, ಹೋಟೆಲಿನ ಕೌಂಟರಿನಲ್ಲಿ ಕೂತಿದ್ದಾರೆ, ಬೀಜದ ಕಂಪೆನಿಯ ಪಟ್ಟಿಗಾಗಿ ಹೂವುಗಳನ್ನು ವರ್ಣಿಸಿದ್ದಾರೆ, ಗಂಡ ಮತ್ತು ಎರಡು ಬೆಕ್ಕುಗಳೊಂದಿಗೆ ವಾಸವಾಗಿದ್ದಾರೆ, ಸದ್ಯ ಒಂದು ಕಾದಂಬರಿ ಬರೆಯುತ್ತಿದ್ದಾರೆ. ಎರಡನೆಯದರಲ್ಲಿ ಆರು ಸಾಲು. ಎರಡು ಪ್ರಶಸ್ತಿಗಳು ಬಂದಿವೆ, ಒಂದು ಬೆಕ್ಕು ಹೋಗಿದೆ, ಕಾದಂಬರಿ ಮುಗಿಯುವ ಹಂತದಲ್ಲಿದೆ. ಮೂರನೆಯದರಲ್ಲಿ ಮೂರೇ ಸಾಲು. ಪ್ರಶಸ್ತಿಗಳು 'ಅನೇಕ' ಆಗಿವೆ, ಗಂಡನಿಲ್ಲ, ಇನ್ನೊಂದು ಬೆಕ್ಕೂ ಇಲ್ಲ, ಒಂದು ನಾಯಿ ಬಂದಿದೆ, ಕಾದಂಬರಿಯ ಸುದ್ದಿಯೇ ಇಲ್ಲ. ನಾಲ್ಕನೆಯದರಲ್ಲಿರುವುದು ಒಂದೇ ಸಾಲು: 'ಓಹಾಯೋದಲ್ಲಿದ್ದಾರೆ.'

ಒಬ್ಬ ಬರಹಗಾರ್ತಿಯ ವೃತ್ತಿಜೀವನವನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ ಪ್ರಬಂಧವನ್ನು ನಾನು ಎಂ.ಎ. ಓದುವಾಗಲೂ ಕಂಡಿಲ್ಲ. ಕೀರ್ತಿ ಬೆಳೆದಂತೆ ಪರಿಚಯ ಕುಗ್ಗುತ್ತದೆ. ಇದರ ವಿಲೋಮವೂ ನಿಜವೆಂಬುದು ಈ ವರ್ಷ ಅನುಭವಕ್ಕೆ ಬಂತು. ದುಬೈಯ ನಮ್ಮ ಕನ್ನಡ ಓದುಗರ ಗುಂಪಿನ ಕಾರ್ಯದರ್ಶಿಗಳು, ಆ ಕತೆಗಾರ್ತಿಯ ಸಾಹಿತ್ಯಜೀವನದ ಬಗ್ಗೆ ಒಂದು ಭಾನುವಾರ ನಲವತ್ತು ನಿಮಿಷ ಮಾತಾಡಬೇಕೆಂದೂ, ಆಮಂತ್ರಣದಲ್ಲಿ ಹಾಕಲು ನನ್ನ ಪರಿಚಯವನ್ನು 'ನಾಲ್ಕು ಸಾಲಿನಲ್ಲಿ' ಬರೆದು ಕಳಿಸಬೇಕೆಂದೂ ಕೇಳಿಕೊಂಡರು. ನಾನು ಬರೆದು ನೋಡಿದಾಗ ಅದು ಹದಿಮೂರು ಸಾಲಾಗಿತ್ತು. ಪುತ್ತೂರಿನವನು, ಇಂಗ್ಲಿಷ್ ಎಂ.ಎ., ಉಡುಪಿಯ ಕಾಲೇಜೊಂದರಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕ, ಸಣ್ಣಕತೆಯ ಮೇಲೆ ಆರಂಭಿಸಿ ಬಿಟ್ಟ ಸಂಶೋಧನೆ. ಆ ಬಿಟ್ಟದ್ದನ್ನು ಬಿಟ್ಟದ್ದೆಂದು ತೋರದಂತೆ ಬರೆಯುವುದಕ್ಕೇ ಮೂರು ಸಾಲು ಬೇಕಾಯಿತು. ಹಾಗೆ ನೋಡಿದರೆ ಈ ದೇಶದ ಸರಕಾರ ನನ್ನನ್ನು ಎರಡೇ ಪದದಲ್ಲಿ ಮುಗಿಸಿದೆ. ನನ್ನ ವೀಸಾದಲ್ಲಿ ಉದ್ಯೋಗದ ಎದುರು ಇರುವುದು 'ಆರ್ಕೈವ್ಸ್ ಕ್ಲರ್ಕ್.'

ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ ತೈಲ ಕಂಪೆನಿಗಳಿಗೆ ಪೈಪು, ಟ್ಯಾಂಕು, ಉಕ್ಕಿನ ಚೌಕಟ್ಟುಗಳನ್ನು ಮಾಡಿಕೊಡುವ ಒಂದು ಫ್ಯಾಬ್ರಿಕೇಶನ್ ಯಾರ್ಡು. ಅದರ ಕಾಗದಪತ್ರಗಳ ಕಾವಲುಗಾರ ನಾನು. ಹೊಸ ನಕ್ಷೆ ಬಂದ ಕೂಡಲೇ ಹಳೆಯದರ ಎಲ್ಲ ಪ್ರತಿಗಳನ್ನೂ ಹುಡುಕಿ ವಾಪಸು ತರಿಸಿ, 'ಸೂಪರ್‌ಸೀಡೆಡ್', ಅಂದರೆ ಇದು ರದ್ದಾಯಿತು, ಇನ್ನು ಇದನ್ನು ನಂಬಬೇಡಿ ಎಂಬ ಕೆಂಪು ಮೊಹರು ಒತ್ತುವುದು ನನ್ನ ಕೆಲಸದ ತಿರುಳು. ಹಳೆಯ ಪ್ರತಿ ಒಂದೇ ಒಂದು ವೆಲ್ಡರನ ಕೈಯಲ್ಲಿ ಉಳಿದರೂ ಪೈಪು ತಪ್ಪಾದ ಕಡೆ ಬಾಗುತ್ತದೆ. ಹದಿನಾಲ್ಕು ವರ್ಷಗಳಿಂದ ಮೊಹರು ಒತ್ತಿ ಒತ್ತಿ ನನಗೆ ಒಂದು ಅನಾರೋಗ್ಯಕರ ಸಂದೇಹ ಅಂಟಿಕೊಂಡಿದೆ. ಮನುಷ್ಯನ ತಲೆಯೊಳಗಿನ ನಕ್ಷೆಗಳಿಗೆ ಮೊಹರಿಲ್ಲವಲ್ಲ? ಇವತ್ತು ನಾನು ನೆನಪು ಎನ್ನುವುದು ಎಷ್ಟನೆಯ ಪರಿಷ್ಕರಣವೋ, ಯಾರು ಯಾವಾಗ ಅದನ್ನು ತಿದ್ದಿದರೋ, ಒಂದಕ್ಕೂ ಸಹಿಯಿಲ್ಲ. ವಿಶ್ವವಿದ್ಯಾಲಯ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿತು. ಯಾರ್ಡು ನನ್ನನ್ನೂ ಆ ಪಟ್ಟಿಗೆ ಸೇರಿಸಿತು.

ಸೇರಿಸಿದ್ದು ಸಾಲದಾಗಿತ್ತೆಂದು ಈಗ ತಿಳಿದಿದೆ.

ಅಬುಧಾಬಿ ಪಟ್ಟಣದಿಂದ ಮುಸಫ್ಫಾಕ್ಕೆ ದಿನಾ ಬೆಳಿಗ್ಗೆ ನಾವು ಮೂವರು ಒಂದೇ ಕಾರಿನಲ್ಲಿ ಹೋಗುತ್ತೇವೆ. ಕಾರು ಹಸನಾಕನದು. ಹೆಸರು ಹಸನ್, ಬಂಟ್ವಾಳದ ಕಡೆಯ ಬ್ಯಾರಿ. ಬ್ಯಾರಿಗಳಲ್ಲಿ ಅಣ್ಣನಿಗೆ ಕಾಕ ಎನ್ನುವುದರಿಂದ ಊರಿಗೆಲ್ಲ ಅವರು ಹಸನಾಕ. ನಮ್ಮ ಯಾರ್ಡಿನ ಸ್ಟೋರು ಅವರ ವಶದಲ್ಲಿದೆ. ಯಾವ ಬೋಲ್ಟು ಯಾವ ಕಪಾಟಿನ ಯಾವ ಡಬ್ಬಿಯಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುವವರು. ಹಿಂದಿನ ಸೀಟಿನಲ್ಲಿ ಜೂಲಿಯೆಟ್ ಬಾಯಿ, ಮುಸಫ್ಫಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ಬೆಳ್ಮಣ್ಣಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಯಾವ ಮಾತನ್ನೂ ಥರ್ಮಾಮೀಟರು ಇಟ್ಟು ನೋಡದೆ ಒಪ್ಪುವವರಲ್ಲ. ಒಂದು ಕಾಲಕ್ಕೆ ಪಾಠ ಹೇಳಿದವನೆಂದು ಇಬ್ಬರಿಗೂ ನಾನು 'ಮಾಸ್ಟ್ರು'. ಕಾರಿನ ರೇಡಿಯೋ ಕೆಟ್ಟು ಎಷ್ಟೋ ಕಾಲವಾಗಿದೆ. ಒಂದು ಬೆಳಿಗ್ಗೆ ಸೇತುವೆಯ ಮೇಲೆ ವಾಹನಗಳು ಜಪ್ಪಯ್ಯ ಎಂದರೂ ಮುಂದೆ ಹೋಗದೆ ನಿಂತಾಗ ಹಸನಾಕ, "ಮಾಸ್ಟ್ರೇ, ಸುಮ್ಮನೆ ಕೂತ್ಕೊಳ್ಳುವ ಬದಲು ಎಂತಾದ್ರೂ ಒಂದು ಕತೆ ಹೇಳಿ ಮಾರಾಯ್ರೆ, ನೀವು ಓದಿದ್ದೇ ಅದಲ್ವಾ" ಎಂದರು. ರೇಡಿಯೋ ರಿಪೇರಿಯ ಮಾತು ಆಮೇಲೆ ಬರಲಿಲ್ಲ.

ನಾನು ಹೇಳುತ್ತಿದ್ದದ್ದು ಹೆಚ್ಚಾಗಿ ಆ ಅಮೆರಿಕದ ಕತೆಗಾರ್ತಿಯ ಕತೆಗಳನ್ನೇ. ಅವು ಕಾರಿಗೆ ಹೇಳಿ ಮಾಡಿಸಿದಂಥವು. ಮನೆ ಬಿಟ್ಟಾಗ ಆರಂಭಿಸಿದರೆ ಯಾರ್ಡಿನ ಗೇಟಿಗೆ ಮುಗಿಯುತ್ತವೆ. ಆಕೆಗೆ ಸಿಕ್ಕವರೆಲ್ಲ ಕಾದಂಬರಿ ಯಾವಾಗ ಎಂದು ಕೇಳುತ್ತಿದ್ದರಂತೆ. ನಮಗೆ ಊರಿಗೆ ಹೋದಾಗಲೆಲ್ಲ 'ಖಾಯಂ ಬರುವುದು ಯಾವಾಗ?' ಎಂದು ಕೇಳುವ ಹಾಗೆ. ಎರಡು ಪ್ರಶ್ನೆಗೂ ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸದಾಗುವ ವೀಸಾದಲ್ಲಿ ಬದುಕುವವನಿಗೆ ಸಣ್ಣಕತೆಯ ಅಳತೆ ಒಗ್ಗುತ್ತದೆ ಎಂದು ಭಾಷಣಕ್ಕಾಗಿ ಒಂದು ವಾಕ್ಯ ಬರೆದಿಟ್ಟುಕೊಂಡಿದ್ದೆ. ಈಗ ಓದಿದರೆ ಅದು ಸ್ವಲ್ಪ ಜಾಣತನದ್ದಾಯಿತು ಅನಿಸುತ್ತದೆ.

ಆಕೆಯ ಮೂರನೆಯ ಸಂಕಲನದಲ್ಲಿ ಒಬ್ಬ ನಿವೃತ್ತ ಪ್ಲಂಬರನ ಕತೆಯಿದೆ. ಅವನೂ ಅವನ ತಂಗಿಯೂ ಮಾತು ಬಿಟ್ಟು ಬಹಳ ವರ್ಷವಾಗಿರುತ್ತದೆ. ಪ್ರತಿ ಭಾನುವಾರ ಅವನು ಹೆಂಡತಿಗೆ 'ತಂಗಿಯನ್ನು ನೋಡಿ ಬರುತ್ತೇನೆ' ಎಂದು ಹೇಳಿ ಹೊರಡುತ್ತಾನೆ. ಹಿಮ ಬೀಳುತ್ತಿರುತ್ತದೆ; ತಂಗಿಯ ಮನೆಯೆದುರು ಕಾರು ನಿಲ್ಲಿಸಿ, ಎಂಜಿನು ಆರಿಸದೆ, ಒಂದು ಗಂಟೆ ಒಳಗೇ ಕೂತಿರುತ್ತಾನೆ. ಇಷ್ಟನ್ನು ನಾನು ಮಖ್ತಾ ಸೇತುವೆಯ ಹೊತ್ತಿಗೆ ಹೇಳಿ ಮುಗಿಸಿದ್ದೆ. ಕೊನೆಗೊಂದು ಭಾನುವಾರ ಅವನು ಇಳಿದು ಹೋಗಿ ಬಾಗಿಲು ತಟ್ಟುತ್ತಾನೆ; ಬಾಗಿಲು ತೆರೆದ ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ವರ್ಷ ಯಾಕೆ ಬರಲಿಲ್ಲವೆಂದು ಕೇಳದೆ, 'ಕಾಲು ತೊಳೆದು ಒಳಗೆ ಬಾ' ಎನ್ನುತ್ತಾಳೆ. ಕತೆ ಮುಗಿಯಿತು.

ಜೂಲಿಯೆಟ್ ಬಾಯಿ ಹೇಳಿದರು. "ಅಷ್ಟು ಸ್ನೋ ಬೀಳುವಾಗ ಕಾಲಿಗೆ ನೀರು ಹಾಕ್ಲಿಕ್ಕೆ ಹೇಳುದಾ? ನ್ಯುಮೋನಿಯಾ ಆಗುದಿಲ್ವಾ ಅವನಿಗೆ?"

"ಅಲ್ಲಿ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ" ಎಂದು ನಾನು ಅಧಿಕಾರವಾಣಿಯಿಂದ ಅಂದೆ.

ಆ ಮಾತಿನಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು. ಆದರೆ ಒಂದು ಕತೆಯನ್ನು ತಪ್ಪಿಲ್ಲದೆ ಹೇಳಿದೆನೆಂಬ ಹಿಗ್ಗಿನಲ್ಲಿರುವವನಿಗೆ ಥರ್ಮಾಮೀಟರಿನ ಅಂಕಿ ಕಾಣಿಸುವುದಿಲ್ಲ.

ಇದಾಗಿ ಎರಡು ತಿಂಗಳು ಕಳೆದಿರಬೇಕು. ಭಾಷಣಕ್ಕೆ ಹತ್ತು ಹದಿನೈದು ದಿನ ಉಳಿದಿತ್ತು. ಒಂದು ಮಂಗಳವಾರ ಹಸನಾಕ ಕಾರು ಓಡಿಸುತ್ತಲೇ, ಎದುರಿನ ಲಾರಿಯೊಡನೆ ಮಾತಾಡುವವರಂತೆ, "ಈ ಶನಿವಾರ ನಾನು ದುಬೈಗೆ ಹೋಗ್ಲಿಕ್ಕುಂಟು. ನಿಮ್ಮ ಪ್ಲಂಬರನ ಹಾಗೆ. ರಫೀಕನನ್ನು ನೋಡ್ಲಿಕ್ಕೆ" ಎಂದರು.

ರಫೀಕ್ ಅವರ ತಮ್ಮ. ದುಬೈಯ ಮುಹೈಸ್ನಾದಲ್ಲಿ, ಕಟ್ಟಡ ಕೆಲಸದವರು ಉಳಿದುಕೊಳ್ಳುವ ದೊಡ್ಡ ಲೇಬರ್ ಕ್ಯಾಂಪೊಂದರ ಮೇಲ್ವಿಚಾರಕ. ಅಣ್ಣ ತಮ್ಮಂದಿರ ನಡುವೆ ಒಂಬತ್ತು ವರ್ಷದಿಂದ ಮಾತಿಲ್ಲವೆಂಬುದು ನಮಗೆ ಗೊತ್ತಿತ್ತು. ಯಾಕೆಂಬುದನ್ನು ಅವರು ಅಂದು ಮೊದಲ ಸಲ ಹೇಳಿದರು. ಅವರ ತಾಯಿ ತೀರಿಕೊಂಡಾಗ ಹಸನಾಕ ರಜೆಯಲ್ಲಿ ಊರಲ್ಲೇ ಇದ್ದರು. ರಫೀಕ್ ಹಳೆಯ ಕೆಲಸ ಬಿಟ್ಟು ಹೊಸದಕ್ಕೆ ಸೇರುವ ಸಂಧಿಯಲ್ಲಿ, ಪಾಸ್‌ಪೋರ್ಟನ್ನು ವೀಸಾ ಸ್ಟಾಂಪಿಂಗಿಗೆ ಕೊಟ್ಟು ಕೂತಿದ್ದ. ಈಗ ಎಲ್ಲವೂ ಗುರುತಿನ ಕಾರ್ಡಿನಲ್ಲೇ ಮುಗಿಯುತ್ತದೆ. ಆಗ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿ ಕೊಡುತ್ತಿದ್ದರು, ಅದು ಕೈಗೆ ಬರುವವರೆಗೆ ಎಲ್ಲಿಗೂ ಹೊರಡುವಂತಿರಲಿಲ್ಲ. ತಿಳಿಸಿದರೆ ಹುಡುಗ ಅರ್ಜಿ ಹಿಂತೆಗೆದುಕೊಂಡು ಓಡಿಬರುತ್ತಾನೆ, ಸಿಕ್ಕ ಕೆಲಸ ಹೋಗುತ್ತದೆ. ಬಂದರೂ ದಫನಕ್ಕೆ ತಲುಪುವುದಿಲ್ಲ. ಸ್ಟಾಂಪಿಂಗ್ ಆಗುವ ತನಕ ಯಾರೂ ತಿಳಿಸಬಾರದೆಂದು ಹಸನಾಕ ಮನೆಯವರಿಗೆಲ್ಲ ತಾಕೀತು ಮಾಡಿದರು. ಅದು ನಾಲ್ಕು ದಿನ ಹಿಡಿಯಿತು. ನಡುವೆ ಎರಡನೆಯ ದಿನ ರಫೀಕನೇ ಸುಮ್ಮನೆ ಫೋನು ಮಾಡಿ ಉಮ್ಮನಿಗೆ ಕೊಡು ಎಂದ.

"ಮಲಗಿದ್ದಾರೆ ಅಂತ ಹೇಳಿದೆ" ಎಂದರು ಹಸನಾಕ. "ಅವನಿಗೆ ಸಿಟ್ಟು ಇರುವುದು ಆ ಒಂದು ಮಾತಿಗೆ. ಬೇರೆಯದಕ್ಕೆಲ್ಲ ಅಲ್ಲ."

ಜೂಲಿಯೆಟ್ ಬಾಯಿ ಹಿಂದಿನಿಂದ, "ಹೋಗಿ ಹಸನಾಕ. ಹೋಗಿ ಬನ್ನಿ. ಎಂತಾಗ್ತದೆ? ಒಂದೆರಡು ಬೈಗುಳ, ಅಷ್ಟೇ ಅಲ್ವಾ" ಎಂದರು.

"ಹೌದು. ಮಾಸ್ಟ್ರ ಕತೆಯಲ್ಲಿ ಬೈಗುಳ ಸಹ ಇಲ್ಲ" ಎಂದರು ಹಸನಾಕ.

ಆ ಸಂಜೆಯೇ ನಾನು ಭಾಷಣದ ಟಿಪ್ಪಣಿಗೆಂದು ಮೂರನೆಯ ಸಂಕಲನ ತೆರೆದದ್ದು. ಇಷ್ಟರವರೆಗೆ ತೆರೆದಿರಲಿಲ್ಲ, ಬಾಯಿಪಾಠವಿರುವ ಕತೆಯನ್ನು ಯಾರು ತೆರೆಯುತ್ತಾರೆ? ಪ್ಲಂಬರನಿದ್ದ, ಹಿಮವಿತ್ತು, ಎಂಜಿನು ಆರಿಸದ ಕಾರಿತ್ತು. ಪುಟ ತಿರುಗಿಸಿದೆ. ಅವನು ಬಾಗಿಲು ತಟ್ಟಲಿಲ್ಲ. ಮನೆಗೆ ಮರಳಿ, ತಂಗಿಗೆ ಸೊಂಟನೋವು ಕಡಿಮೆಯಾಗಿದೆಯಂತೆ, ಹೊಸ ಪರದೆ ಹಾಕಿದ್ದಾಳೆ ಎಂದು ಹೆಂಡತಿಗೆ ವರದಿ ಕೊಡುತ್ತಾನೆ. ಹೆಂಡತಿ ತಟ್ಟೆ ಒರೆಸುತ್ತ, 'ಪರದೆ ಯಾವ ಬಣ್ಣದ್ದು?' ಎಂದು ಕೇಳುತ್ತಾಳೆ. ಅವನು ಬಣ್ಣ ಹೇಳುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ. ತಂಗಿ ಇಡೀ ಕತೆಯಲ್ಲಿ ಒಂದು ಸಲವೂ ಕಾಣಿಸಿಕೊಳ್ಳುವುದಿಲ್ಲ.

ನಾನು ಮೊದಲು ಪುಸ್ತಕವನ್ನೇ ಅನುಮಾನಿಸಿದೆ. ಅದಕ್ಕೆ ಆಧಾರವಿಲ್ಲದಿಲ್ಲ: ಆಕೆ ಪತ್ರಿಕೆಯಲ್ಲಿ ಅಚ್ಚಾದ ಕತೆಗಳನ್ನು ಸಂಕಲನಕ್ಕೆ ಸೇರಿಸುವಾಗ ಕೊನೆಗಳನ್ನು ನಿರ್ದಾಕ್ಷಿಣ್ಯವಾಗಿ ಬದಲಾಯಿಸುವವರೆಂದು ಪ್ರಸಿದ್ಧಿಯಿದೆ. ನಾನು ಎಂ.ಎ. ಕಾಲದಲ್ಲಿ ಓದಿದ್ದು ಬಹುಶಃ ಪತ್ರಿಕೆಯ ಪಾಠವಿರಬೇಕು. ನನ್ನದು ಹಳೆಯ ಪರಿಷ್ಕರಣ, ಅಷ್ಟೇ. ನನ್ನ ಸಹಪಾಠಿಯೊಬ್ಬ ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದಾನೆ. ನನ್ನ ನೆನಪಿನ ಕೊನೆಯನ್ನು ವಿವರಿಸಿ ಅವನಿಗೆ ತುರ್ತೆಂದು ಬರೆದೆ. ಬುಧವಾರ ಮಧ್ಯಾಹ್ನ ಪತ್ರಿಕೆಯ ಪುಟಗಳ ಚಿತ್ರಗಳು ಬಂದವು. ಅದರಲ್ಲಿ ಹೆಂಡತಿ ಪರದೆಯ ಬಣ್ಣವನ್ನೂ ಕೇಳುವುದಿಲ್ಲ. ಪ್ಲಂಬರ ಕಾರಿನಲ್ಲಿ ಕೂತಿರುವಲ್ಲಿಗೇ ಕತೆ ನಿಂತುಬಿಡುತ್ತದೆ. ಚಿತ್ರಗಳ ಕೆಳಗೆ ಸಹಪಾಠಿ ಒಂದು ಪ್ರಶ್ನೆಯನ್ನೂ ಇಟ್ಟಿದ್ದ: 'ಓಹಾಯೋದಲ್ಲಿ ಬಾಗಿಲಿಗೆ ಬಂದವನಿಗೆ ಕಾಲು ತೊಳೆಯಲು ಯಾರು ಹೇಳುವುದು ಮಾರಾಯ?'

ಯಾರು ಹೇಳುತ್ತಾರೆ? ನನ್ನ ಅಜ್ಜಿ ಹೇಳುತ್ತಿದ್ದರು. ನಮ್ಮಲ್ಲಿ ಯಾರ ಅಜ್ಜಿ ಹೇಳುತ್ತಿರಲಿಲ್ಲ? ಶಾಲೆಯಿಂದ ಬಂದರೂ, ಆಸ್ಪತ್ರೆಯಿಂದ ಬಂದರೂ, ಜಗಳವಾಡಿ ಹೊರಗೆ ಹೋದವನು ಹಸಿವಾಗಿ ಹಿಂದೆ ಬಂದರೂ ಹೊಸಿಲಲ್ಲಿ ಸಿಗುತ್ತಿದ್ದದ್ದು ಅದೊಂದೇ ವಾಕ್ಯ. ಬೈಯುವುದು, ಕ್ಷಮಿಸುವುದು, ಊಟಕ್ಕೆ ಕರೆಯುವುದು ಮೂರೂ ಅದರಲ್ಲೇ ಆಗುತ್ತಿತ್ತು. ಅದನ್ನು ನಾನು ಯಾವ ವರ್ಷ, ಯಾವ ಗಳಿಗೆಯಲ್ಲಿ ಒಯ್ದು ಒಬ್ಬ ಅಮೆರಿಕನ್ ಹೆಂಗಸಿನ ಬಾಯಿಗೆ ಹಾಕಿದೆನೋ ತಿಳಿಯದು. ಬೇಕೆಂದು ಮಾಡಿದ್ದಲ್ಲ, ಅದೇ ಭಯ. ಬೇಕೆಂದು ಮಾಡಿದ ಸುಳ್ಳಿಗೆ ಒಂದು ದಿನಾಂಕವಾದರೂ ಇರುತ್ತದೆ. ಮೊಹರಿಲ್ಲದ ಒಂದು ನಕ್ಷೆಯನ್ನು ನಾನು ಹಸನಾಕನ ಕೈಗೆ ಕೊಟ್ಟಿದ್ದೆ, ಅವರು ಅದನ್ನು ನೋಡಿಕೊಂಡು ಶನಿವಾರ ಪೈಪು ಬಗ್ಗಿಸಲು ಹೊರಟಿದ್ದರು.

ಗುರುವಾರ ಬೆಳಿಗ್ಗೆ ಕಾರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಹೇಳದೆ ಇರಬಹುದಿತ್ತು, ಇರಬೇಕಿತ್ತು ಎನ್ನುವವರೂ ಇರಬಹುದು. ಆದರೆ ರಫೀಕ್ ಬಾಗಿಲು ತೆರೆಯದೆ ಹೋದರೆ, ಕತೆಯಲ್ಲಿ ಹೀಗಿರಲಿಲ್ಲವಲ್ಲ ಎಂದು ಆ ಮನುಷ್ಯ ಹೊರಗೆ ನಿಂತಿರುವ ಚಿತ್ರ ನನ್ನನ್ನು ಎರಡು ದಿನ ಕೂರಲು ಬಿಟ್ಟಿರಲಿಲ್ಲ.

"ಹಾಗಾದ್ರೆ ಅವ ಇಳಿಯಲೇ ಇಲ್ಲ?" ಎಂದರು ಹಸನಾಕ.

"ಇಲ್ಲ."

"ಮನೆಗೆ ಹೋಗಿ ಹೆಂಡತಿಗೆ ಸುಳ್ಳು ಹೇಳಿದ."

"ಹೌದು."

ಕಾರು ಸೇತುವೆ ದಾಟಿತು. ಆಮೇಲೆ ಅವರು, "ಆ ಹೆಂಗಸು ಸರಿಯಾಗಿ ಬರೆದಿದ್ದಾಳೆ ಮಾಸ್ಟ್ರೇ. ನಿಮ್ಮದೇ ಸರಿ ಇಲ್ಲ" ಎಂದರು. ಲೇನು ಬದಲಿಸುತ್ತ, "ನೀವು ಆ ಕತೆ ಹೇಳಿದ ಮೇಲೆ ನಾನು ಮೂರು ಸಲ ಹೋಗಿ ಬಂದೆ. ಮೂರು ಶನಿವಾರ."

"ಎಲ್ಲಿಗೆ?"

"ಮುಹೈಸ್ನಾಕ್ಕೆ. ಎಲ್ಲಿಗೆ ಅಂದ್ರೆ! ಹೋದೆ, ಸ್ವಲ್ಪ ಕೂತೆ, ಬಂದೆ."

ಜೂಲಿಯೆಟ್ ಬಾಯಿ ಮುಂದೆ ಬಾಗಿದರು. "ಊರಲ್ಲಿ ಮನೆಯವರಿಗೆ ಎಂತ ಹೇಳಿದ್ರಿ?"

"ರಫೀಕ್ ಸಿಕ್ಕಿದ, ದಪ್ಪ ಆಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ ಅಂತ ಹೇಳಿದೆ."

ಈ ಸಲ ಜೂಲಿಯೆಟ್ ಬಾಯಿಗೂ ಥರ್ಮಾಮೀಟರು ನೆನಪಾಗಲಿಲ್ಲ. ನನಗೋ, ಓಹಾಯೋದಲ್ಲಿ ನಾಯಿ ಸಾಕಿಕೊಂಡು ಕೂತಿರುವ ಒಬ್ಬ ವೃದ್ಧೆಗೆ ಬಂಟ್ವಾಳದ ಹಸನಾಕ ಮಾಡಲಿರುವುದೆಲ್ಲ ಅಷ್ಟು ವರ್ಷ ಮೊದಲೇ ತಿಳಿದದ್ದು ಹೇಗೆಂಬ ಸೋಜಿಗ. 'ಅನೇಕ ಪ್ರಶಸ್ತಿಗಳು' ಯಾಕೆ ಬಂದವೆಂದು ವಿಮರ್ಶಕರು ಹಲವು ಬಗೆಯಲ್ಲಿ ವಿವರಿಸಿದ್ದಾರೆ. ನನಗೆ ಆ ದಿನ ಕಾರಿನಲ್ಲಿ ಸಿಕ್ಕಷ್ಟು ನೇರವಾದ ವಿವರಣೆ ಅವುಗಳಲ್ಲಿಲ್ಲ.

"ಹಾಗಾದ್ರೆ ಶನಿವಾರ ಹೋಗುದಿಲ್ವಾ?" ಎಂದು ಜೂಲಿಯೆಟ್ ಬಾಯಿ ಕೇಳಿದರು.

"ಹೋಗ್ತೇನೆ. ಮಾಸ್ಟ್ರು ಸಹ ಬರ್ಬೇಕು. ಕತೆ ಹಾಳು ಮಾಡಿದ್ದು ಅವರೇ ಅಲ್ವಾ."

ಶನಿವಾರ ಹತ್ತು ಗಂಟೆಗೆ ನಾವು ಮುಹೈಸ್ನಾದಲ್ಲಿದ್ದೆವು. ಒಂದೇ ಅಚ್ಚಿನ ನಾಲ್ಕು ಅಂತಸ್ತಿನ ಕಟ್ಟಡಗಳು, ಕಿಟಕಿ ಕಿಟಕಿಗೂ ಒಣಹಾಕಿದ ನೀಲಿ ಸಮವಸ್ತ್ರ, ಸಾಲಾಗಿ ನಿಂತ ಬಿಳಿ ಬಸ್ಸುಗಳು. ತಟ್ಟುವುದಕ್ಕೆ ಅಲ್ಲಿ ಬಾಗಿಲೇ ಇಲ್ಲವೆಂಬುದು ನನಗೆ ಹೊಳೆದದ್ದು ಗೇಟು ಕಂಡ ಮೇಲೆ. ಕ್ಯಾಂಪಿಗೆ ಯಾರೂ ಸುಮ್ಮನೆ ನುಗ್ಗುವಂತಿಲ್ಲ. ಗೇಟಿನ ಕಾವಲು ಕೋಣೆಯಲ್ಲಿ ಒಂದು ಉದ್ದನೆಯ ರಿಜಿಸ್ಟರು: ಹೆಸರು, ಫೋನು, ಯಾರನ್ನು ನೋಡಬೇಕು, ಅವರಿಗೆ ಏನಾಗಬೇಕು, ಒಳಗೆ ಹೋದ ಸಮಯ, ಹೊರಬಂದ ಸಮಯ. ತುಂಬಿಸಿದರೆ ಕಾವಲುಗಾರ ಒಳಕ್ಕೆ ಫೋನು ಮಾಡುತ್ತಾನೆ, ಬೇಕಾದವರು ಹೊರಗೆ ಬರುತ್ತಾರೆ ಅಥವಾ ಬರುವುದಿಲ್ಲ.

ಕಾವಲುಗಾರ ನೇಪಾಳದವನು. ಹಸನಾಕನನ್ನು ಕಂಡು ನಕ್ಕ, ನನ್ನತ್ತ ತಿರುಗಿ ಹಿಂದಿಯಲ್ಲಿ, "ಇವರು ಬರ್ತಾರೆ, ಬರೀತಾರೆ. ಫೋನ್ ಮಾಡ್ಲಾ ಅಂದ್ರೆ ಬೇಡ ಅಂತಾರೆ. ಆ ಕುರ್ಚಿಯಲ್ಲಿ ಕೂತು ಎದ್ದು ಹೋಗ್ತಾರೆ" ಎಂದ. ನಾನು ವೃತ್ತಿಯ ಚಪಲದಿಂದ ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಮೂರು ಶನಿವಾರ, ಮೂರು ಸಲ, ಸ್ಟೋರಿನ ಚೀಟಿಗಳಲ್ಲಿ ನಾನು ದಿನಾ ಕಾಣುವ ಅದೇ ದುಂಡಗಿನ ಅಕ್ಷರ: ಹಸನ್, ನೋಡಬೇಕಾದವರು ರಫೀಕ್, ಏನಾಗಬೇಕು ಎಂಬಲ್ಲಿ 'ಫ್ರೆಂಡ್'. ಒಳಹೋದ ಸಮಯವಿತ್ತು, ಹೊರಬಂದ ಸಮಯ ಮೂರರಲ್ಲೂ ಖಾಲಿ. ಪ್ಲಂಬರನಿಗಿಂತ ಹತ್ತು ಹೆಜ್ಜೆ ಮುಂದೆ ಬಂದಿದ್ದರು ನಮ್ಮ ಹಸನಾಕ, ಅದನ್ನು ಕಾರಿನಲ್ಲಿ ಹೇಳಿರಲಿಲ್ಲ.

ಅವರು ಪೆನ್ನು ತೆಗೆದುಕೊಂಡು ಹೆಸರು ಬರೆದರು, ಫೋನು ಬರೆದರು, ರಫೀಕನ ಹೆಸರು ಬರೆದರು. ನಾಲ್ಕನೆಯ ಕಾಲಮ್ಮಿನಲ್ಲಿ ಕೈ ಅಭ್ಯಾಸದಂತೆ 'ಫ್ರೆಂ' ಎಂಬಲ್ಲಿಗೆ ಹೋಗಿ ನಿಂತಿತು. ಹಿಂದೆ ಇಬ್ಬರು ಸಿಮ್ ಕಾರ್ಡು ಮಾರುವವರು ಸರದಿಗೆ ಕಾಯುತ್ತಿದ್ದರು. ಅವರಲ್ಲೊಬ್ಬ ಅವಸರಪಡಿಸಿ "ಯಲ್ಲಾ, ಭಾಯ್" ಎಂದ. ಹಸನಾಕ ಬರೆದದ್ದರ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಬ್ರದರ್' ಎಂದು ಬರೆದರು. ಹೀಗೆ ಹೊಡೆದುಹಾಕಿದ ಕಡೆ ತಿದ್ದಿದವರ ಸಹಿ ಬೇಕೆಂಬುದು ನಮ್ಮ ಯಾರ್ಡಿನ ನಿಯಮ. ನಾನು ನಾಲಗೆ ಕಚ್ಚಿಕೊಂಡು ಸುಮ್ಮನಿದ್ದೆ.

ಕಾವಲುಗಾರ ಅದನ್ನು ಓದಿ, ಒಮ್ಮೆ ಮುಖ ನೋಡಿ, ಈ ಸಲ ಕೇಳದೆಯೇ ಫೋನು ಎತ್ತಿದ.

ಎಷ್ಟು ಹೊತ್ತು ಕಾದೆವೋ ಹೇಳಲಾರೆ. ಹಸನಾಕ ಇಪ್ಪತ್ತು ನಿಮಿಷ ಎನ್ನುತ್ತಾರೆ. ಕಾವಲು ಕೋಣೆಯ ಗಡಿಯಾರದ ಪ್ರಕಾರ ಏಳು. ಒಳಗಿನ ಕಾಂಕ್ರೀಟು ಅಂಗಳವನ್ನು ದಾಟಿ ಒಬ್ಬ ಮನುಷ್ಯ ಬಂದ. ಕಡ್ಡಿಯಂತೆ ಸಣಕಲ, ನುಣ್ಣಗೆ ಬೋಳಿಸಿದ ಗಲ್ಲ, ಕನ್ನಡಕ, ಸೊಂಟದಲ್ಲಿ ಕೋಣೆಗಳ ಬೀಗದ ಕೈಗೊಂಚಲು. ಹಸನಾಕ ಊರಿಗೆ ಕಳಿಸಿದ್ದ ವರದಿಯ ಒಂದು ಅಕ್ಷರವೂ ಅವನಿಗೆ ಹೊಂದುತ್ತಿರಲಿಲ್ಲ. ಗೇಟಿನ ಕಂಬಿಯ ಆಚೆಯೇ ನಿಂತ. ರಿಜಿಸ್ಟರು ಕೇಳಿ ತೆಗೆದುಕೊಂಡ. ಬೆರಳಿಟ್ಟು ಓದಿದ, ಹೊಡೆದುಹಾಕಿದ್ದನ್ನೂ ಪಕ್ಕದಲ್ಲಿ ಬರೆದದ್ದನ್ನೂ. ಅಣ್ಣ ಏನೋ ಹೇಳಲು ಬಾಯಿ ತೆರೆದರು, ಒಂದು ಮಾತು ಮಾತ್ರ ಹೊರಗೆ ಬಂತು: "ಉಮ್ಮ ಮಲಗಿದ್ದಾರೆ ಅಂತ ಹೇಳಿದ್ದು ತಪ್ಪು."

ಅವರಿಬ್ಬರದು ಬ್ಯಾರಿ ಭಾಷೆ. ನನಗೆ ಅದು ಅರ್ಧಂಬರ್ಧ ತಿಳಿಯುತ್ತದೆ, ಈ ವಾಕ್ಯ ಪೂರ್ತಿ ತಿಳಿಯಿತು.

ರಫೀಕ್ ರಿಜಿಸ್ಟರು ಮುಚ್ಚಿ ಕಾವಲುಗಾರನಿಗೆ ಕೊಟ್ಟ. ಅಣ್ಣನ ಮುಖ ನೋಡದೆ, ಅವರ ಭುಜದಾಚೆ ರಸ್ತೆಯನ್ನು ನೋಡುತ್ತ ಕೇಳಿದ: "ಕಾರು ಎಲ್ಲಿ ಹಾಕಿದ್ದು ಕಾಕ?"

ಹಸನಾಕ ಕೈತೋರಿಸಿದರು.

"ಅಲ್ಲಿ ಹಾಕಿದ್ರೆ ಫೈನ್ ಬೀಳ್ತದೆ. ಒಳಗೆ ತೆಗೊಂಡು ಬಾ" ಎಂದು ಹೇಳಿ ಸೊಂಟದ ಗೊಂಚಲಿನಲ್ಲಿ ದೊಡ್ಡ ಗೇಟಿನ ಕೀಲಿ ಹುಡುಕತೊಡಗಿದ. ಅವನ ಕೈಗೆ ಅದು ಬೇಗ ಸಿಗಲಿಲ್ಲ. ದಿನಕ್ಕೆ ಹತ್ತು ಸಲ ತೆಗೆಯುವ ಬೀಗವಿರಬೇಕು ಅದು.

ನಾನು ಒಳಗೆ ಹೋಗಲಿಲ್ಲ. ಎದುರಿನ ಕೆಫೆಟೇರಿಯಾದಲ್ಲಿ ಎರಡು ಚಾ ಕುಡಿದು, ಮೂರು ಗಂಟೆ ಕಾದು, ಹಸನಾಕನೊಂದಿಗೆ ಅಬುಧಾಬಿಗೆ ಮರಳಿದೆ. ಒಳಗೆ ಏನಾಯಿತೆಂದು ನಾನು ಕೇಳಲಿಲ್ಲ. ದಾರಿಯಲ್ಲಿ ಒಮ್ಮೆ ಅವರೇ, "ಮನೆಗೆ ಈಗ ಎಂತ ಹೇಳುದು ಮಾಸ್ಟ್ರೇ? ಹೋದ ತಿಂಗಳು ದಪ್ಪ ಇದ್ದವ ಈಗ ಸಪೂರ ಆದ ಅಂದ್ರೆ ಸೀಕು ಅಂತ ಹೆದರ್ಲಿಕ್ಕಿಲ್ವಾ?" ಎಂದರು. ಗಡ್ಡ ತೆಗೆದದ್ದರಿಂದ ಹಾಗೆ ಕಾಣಿಸುತ್ತದೆ ಎಂದು ಹೇಳಬಹುದಲ್ಲ ಎಂದೆ. ಪರಿಷ್ಕರಣಗಳಿಗೆ ನಾನು ಈಗಲೂ ಉಪಯೋಗಕ್ಕೆ ಬರುವವನೇ.

ಸೋಮವಾರ ಕಾರಿನಲ್ಲಿ, ಹಸನಾಕ ಪೆಟ್ರೋಲು ಹಾಕಿಸಲು ಇಳಿದಾಗ, ಜೂಲಿಯೆಟ್ ಬಾಯಿಗೆ ನಡೆದದ್ದೆಲ್ಲವನ್ನೂ ಹೇಳಿದೆ. ರಿಜಿಸ್ಟರು, ಅಡ್ಡಗೆರೆ, ಕೀಲಿಗೊಂಚಲು. ಕಾರು ಒಳಗೆ ನಿಲ್ಲಿಸಿದ ಹಸನಾಕ ಅಂಗಳದ ಬದಿಯಲ್ಲಿ ನಮಾಜಿನವರಿಗಾಗಿ ಇಟ್ಟ ನಲ್ಲಿಯ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಎರಡೂ ಕಾಲು ತೊಳೆದು ತಮ್ಮನ ಹಿಂದೆ ಮೆಟ್ಟಿಲು ಹತ್ತಿದರು ಎಂದು ಮುಗಿಸಿದೆ. ಜೂಲಿಯೆಟ್ ಬಾಯಿ ನನ್ನನ್ನು ಬಹಳ ಹೊತ್ತು ನೋಡಿದರು. "ಇದು ನೀವು ನೋಡಿದ್ದಾ ಮಾಸ್ಟ್ರೇ?" ಎಂದು ಕೇಳಿದರು. ನಾನು ನೋಡಿದ್ದೇನೆ ಎಂದೇ ನನ್ನ ನಂಬಿಕೆ. ನಲ್ಲಿ ಇತ್ತು, ಅದು ಖಂಡಿತ. ಕೆಫೆಟೇರಿಯಾದ ಬಾಗಿಲಿನಿಂದ ಅದು ಕಾಣುತ್ತದೆಯೇ ಎಂದರೆ ಹೇಳಲಾರೆ. ಹಸನಾಕನನ್ನು ಕೇಳಿದರೆ ಗೊತ್ತಾಗುತ್ತದೆ. ಇವತ್ತಿನವರೆಗೆ ಕೇಳಿಲ್ಲ.

ಭಾನುವಾರದ ಭಾಷಣ ನಡೆಯಿತು. ಆ ಕತೆಗಾರ್ತಿಯ ನಾಲ್ಕು ಪುಸ್ತಕಗಳ ಬಗ್ಗೆ, ಬರೆಯದ ಕಾದಂಬರಿಯ ಬಗ್ಗೆ, ಕೊನೆಗಳನ್ನು ತಿದ್ದುತ್ತ ತಿದ್ದುತ್ತ ಆಕೆ ಪ್ರತಿ ಸಲವೂ ಒಂದು ಸುಲಭದ ಸಮಾಧಾನವನ್ನು ತೆಗೆದುಹಾಕಿದ್ದರ ಬಗ್ಗೆ ಹೇಳಿದೆ. ಅಲ್ಲಿ ಹೆಸರೂ ಹೇಳಿದೆ. ಪ್ಲಂಬರನ ಕತೆಯನ್ನು ಪುಸ್ತಕ ಹಿಡಿದು ಓದಿದೆ, ಒಂದು ಪದ ಸೇರಿಸಲಿಲ್ಲ. ಮುಂದಿನ ಸಾಲಿನಲ್ಲಿ ಜೂಲಿಯೆಟ್ ಬಾಯಿಯ ಪಕ್ಕ ಹಸನಾಕ, ಅವರ ಪಕ್ಕ ಒಬ್ಬ ಸಪೂರ ಮನುಷ್ಯ ಕೂತಿದ್ದರು. ಅವನು ಕತೆಯ ಕೊನೆಗೆ ಅಣ್ಣನ ಕಿವಿಯಲ್ಲಿ ಏನೋ ಕೇಳಿದ. ಹಸನಾಕ ಮಾತಾಡಬೇಡ ಎಂಬಂತೆ ಅವನ ತೊಡೆ ತಟ್ಟಿದರು.

ಪರಿಚಯದ ವಿಷಯ ಬಿಟ್ಟುಹೋಯಿತು. ಹದಿಮೂರು ಸಾಲನ್ನು ನಾನು ಕಳಿಸಲಿಲ್ಲ. ಅಬುಧಾಬಿಗೆ ಮರಳಿದ ಆ ಶನಿವಾರ ಸಂಜೆ, ನಾಲ್ಕನೆಯ ಸಂಕಲನದ ಹೊದಿಕೆಯ ಮಡಿಕೆಯನ್ನು ಇನ್ನೊಮ್ಮೆ ನೋಡಿ, ಕಾರ್ಯದರ್ಶಿಗಳಿಗೆ 'ಅಬುಧಾಬಿಯಲ್ಲಿದ್ದಾರೆ' ಎಂದು ಒಂದೇ ಸಾಲು ಬರೆದೆ. ಅಷ್ಟಕ್ಕೆ ನಿಲ್ಲಿಸುವ ಕೀರ್ತಿ ನನಗಿನ್ನೂ ಬಂದಿಲ್ಲವಾದ್ದರಿಂದ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಆಮಂತ್ರಣದಲ್ಲಿ ಅದು ಹಾಗೆಯೇ ಅಚ್ಚಾಗಿತ್ತು: 'ಬೆಳಿಗ್ಗೆ ಕಾರಿನಲ್ಲಿ ಕತೆ ಹೇಳುತ್ತಾರೆ, ಕೊನೆಗಳಿಗೆ ಮೂಲವನ್ನು ನೋಡಿಕೊಳ್ಳುವುದು.'